‘ಸರ್ವರ್ ಡೌನ್’ ನೆಪವೋ ನಿಜವೋ? ತಾನೇ ವೇಗ ಹೊಂದಿಸಿಕೊಳ್ಳುವ ಡೇಟಾಬೇಸಿಗೂ ಊರಿನ ನಿಯಮ ಬೇಕು

“ಸರ್ವರ್ ಇಲ್ರಿ, ನಾಳೆ ಬರ್ರಿ.” ಯಾದಗಿರಿ, ಶಹಾಪುರ, ಸುರಪುರದ ಯಾವ ಕೌಂಟರಿನಲ್ಲಿ ನಿಂತವರಿಗೂ ಈ ಮಾತು ಹೊಸದಲ್ಲ. ಪಹಣಿ ಇರಲಿ, ಜಾತಿ-ಆದಾಯ ಪ್ರಮಾಣಪತ್ರ ಇರಲಿ, ಬೆಳೆ ವಿಮೆ ಇರಲಿ, ಕೆಲಸ ಅರ್ಧಕ್ಕೆ ನಿಂತರೆ ಹೋಗುವುದು ಒಂದು ದಿನದ ಕೂಲಿ ಮತ್ತು ಬಸ್ ಚಾರ್ಜು. ಕೊನೆಯ ದಿನಾಂಕವಾಗಿದ್ದರೆ ಇಡೀ ಹಂಗಾಮಿನ ವಿಮೆಯೇ ತಪ್ಪಬಹುದು. ಸಿಟ್ಟು ಬರುವುದು ಸಹಜ. ಆ ಸಿಟ್ಟಿನ ಹೊತ್ತಿಗೇ ವಾಟ್ಸ್ಆಪ್‌ನಲ್ಲಿ ಮೂರು ಬಗೆಯ ಮೆಸೇಜು ಓಡಾಡುತ್ತವೆ.

ಮೊದಲನೆಯದು: “ಸರ್ವರ್ ಡೌನ್ ಅನ್ನೋದು ಬರೀ ನೆಪ, ಬೇಕಂತಲೇ ಬಂದ್ ಮಾಡ್ತಾರೆ.”

ಎರಡನೆಯದು: “ಈಗಿನ ಡೇಟಾಬೇಸ್ ಎಲ್ಲಾ ಎಐ. ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತೆ. ನಿಧಾನ ಆಯ್ತು ಅಂದ್ರೆ ಯಾರೋ ಕೈ ಹಾಕಿದ್ದಾರೆ ಅಂತಲೇ ಅರ್ಥ.”

ಮೂರನೆಯದು: “ಫೋನಿನ ಕ್ಯಾಷ್ ತೆಗೀರಿ, ಈ ಆಪ್ ಹಾಕ್ಕೊಳ್ಳಿ, ಸರ್ಕಾರಿ ಸರ್ವರ್ ಫಾಸ್ಟ್ ಆಗುತ್ತೆ.”

ಮೂರರಲ್ಲಿ ಕೊನೆಯದು ಪೂರ್ತಿ ಸುಳ್ಳು, ಅಪಾಯಕಾರಿ ಕೂಡ. ಮೊದಲೆರಡರಲ್ಲಿ ಸ್ವಲ್ಪ ನಿಜ ಇದೆ, ಆದರೆ ತಪ್ಪು ಜಾಗದಲ್ಲಿದೆ.

ಚುಟುಕಾಗಿ ಹೇಳುವುದಾದರೆ

ಇವತ್ತಿನ ಡೇಟಾಬೇಸುಗಳು ತಮ್ಮ ವೇಗವನ್ನು ಒಂದು ಮಟ್ಟಿಗೆ ತಾವೇ ಹೊಂದಿಸಿಕೊಳ್ಳುತ್ತವೆ. ಆದರೆ ಅವು ಹಾಗೆ ಮಾಡುವುದು ಮೊದಲೇ ಬರೆದಿಟ್ಟ ನಿಯಮಗಳ ಪ್ರಕಾರ. ಆ ನಿಯಮ ಮೇಲಿನಿಂದ ಕೆಳಕ್ಕೆ ವಾರಸಿನಂತೆ ಹರಿದು ಬರುತ್ತದೆ. ಎಲ್ಲರಿಗೂ ಒಂದೇ ಅಳತೆಯ ನಿಯಮ ಎಲ್ಲ ಕಡೆ ಹೊಂದುವುದಿಲ್ಲ. ಎಲ್ಲಿ ಹೊಂದುವುದಿಲ್ಲವೋ ಅಲ್ಲಿಗೆ ಬೇರೆ ನಿಯಮ ಬರೆಯುವ ಕೆಲಸ ಇನ್ನೂ ಮನುಷ್ಯರದ್ದೇ.

‘ಸರ್ವರ್’ ಅಂದರೆ ಯಾವುದು?

ಕೌಂಟರಿನಲ್ಲಿ “ಸರ್ವರ್ ಇಲ್ಲ” ಅಂದಾಗ ಕೆಟ್ಟಿರುವುದು ನಾಲ್ಕರಲ್ಲಿ ಯಾವುದಾದರೂ ಒಂದು ಆಗಿರಬಹುದು. ಒಂದು, ಆ ಕಚೇರಿಯ ಕಂಪ್ಯೂಟರ್ ಅಥವಾ ಕರೆಂಟು. ಎರಡು, ಅಲ್ಲಿಂದ ಬೆಂಗಳೂರಿನವರೆಗಿನ ನೆಟ್. ಮೂರು, ನಿಮ್ಮ ಅರ್ಜಿಯ ಪರದೆ ತೋರಿಸುವ ಸಾಫ್ಟ್‌ವೇರ್. ನಾಲ್ಕು, ಎಲ್ಲ ದಾಖಲೆ ಕೂಡಿಟ್ಟಿರುವ ಡೇಟಾಬೇಸ್. ಮೊದಲ ಎರಡರಲ್ಲಿ ತೊಂದರೆಯಾದರೆ ಪರದೆ ಬರುವುದೇ ಇಲ್ಲ, ಅಥವಾ ‘ಕನೆಕ್ಷನ್ ಇಲ್ಲ’ ಎಂಬ ಸೂಚನೆ ಬರುತ್ತದೆ. ಪರದೆ ಬಂದು, ಸರ್ವೆ ನಂಬರ್ ಹಾಕಿದ ಮೇಲೆ ಚಕ್ರ ಸುತ್ತುತ್ತಲೇ ಇದ್ದರೆ ಅನುಮಾನ ಕೊನೆಯ ಎರಡರ ಮೇಲೆ ಹೋಗಬೇಕು. ಈ ಲೇಖನ ಮುಖ್ಯವಾಗಿ ನಾಲ್ಕನೆಯದರ ಬಗ್ಗೆ.

ನಮ್ಮ ರಾಜ್ಯದ ‘ಭೂಮಿ’ ಯೋಜನೆಯನ್ನೇ ನೋಡಿ. 2000-2001ರ ಸುಮಾರಿಗೆ 177 ತಾಲ್ಲೂಕುಗಳಲ್ಲಿ ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಆಗ ಆಯಾ ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕು ಕಚೇರಿಯ ಕಂಪ್ಯೂಟರಿನಲ್ಲೇ ಇರುತ್ತಿತ್ತು. ಸುರಪುರದಲ್ಲಿ ನೂಕುನುಗ್ಗಲಾದರೆ ನಿಧಾನವಾಗುತ್ತಿದ್ದುದು ಸುರಪುರದಲ್ಲಿ ಮಾತ್ರ. ಆಮೇಲೆ ದಾಖಲೆಗಳು ಒಂದೆಡೆ ಸೇರಿದವು. ಎಲ್ಲಿಂದ ಬೇಕಾದರೂ ಪಹಣಿ ತೆಗೆಯುವ ಅನುಕೂಲ ಬಂತು. ಜೊತೆಗೆ, ಎಲ್ಲರ ನೂಕುನುಗ್ಗಲೂ ಒಂದೇ ಬಾಗಿಲಿಗೆ ಬಂತು.

ಎರಡು ಕೋಟಿ ಸಾಲಿನಲ್ಲಿ ನಿಮ್ಮದೊಂದು ಸಾಲು ಸಿಗುವುದು ಹೇಗೆ?

ಡೇಟಾಬೇಸಿಗೆ ಒಂದು ಸರ್ವೆ ನಂಬರ್ ಕೊಟ್ಟರೆ ಅದು ಮೊದಲ ಸಾಲಿನಿಂದ ಕೊನೆಯವರೆಗೆ ಓದುತ್ತಾ ಹೋಗುವುದಿಲ್ಲ. ಹಾಗೆ ಓದಿದರೆ ಪ್ರತಿ ಪಹಣಿಗೂ ಬಹಳ ಹೊತ್ತು ಬೇಕಾದೀತು. ಅದರ ಬಳಿ ‘ಇಂಡೆಕ್ಸ್’ ಇರುತ್ತದೆ. ಪುಸ್ತಕದ ಕೊನೆಯಲ್ಲಿ ಯಾವ ಪದ ಯಾವ ಪುಟದಲ್ಲಿದೆ ಎಂದು ಹೇಳುವ ಪಟ್ಟಿಯಂತೆ. ಇಂಡೆಕ್ಸಿನ ಒಂದು ಪುಟದಲ್ಲಿ 300 ದಾರಿಗಳಿದ್ದರೆ, ಮೂರು ಹಂತ ಇಳಿದಾಗ 300 × 300 × 300, ಅಂದರೆ 2 ಕೋಟಿ 70 ಲಕ್ಷ ಸಾಲುಗಳನ್ನು ಮುಟ್ಟಬಹುದು. ಎರಡು ಕೋಟಿ ಪಹಣಿಯಲ್ಲಿ ನಿಮ್ಮದು ಮೂರ್ನಾಲ್ಕು ಹೆಜ್ಜೆಯಲ್ಲಿ ಸಿಗುವುದರ ಗುಟ್ಟು ಇದು.

ಎಲ್ಲ ಪ್ರಶ್ನೆಗೂ ಇಂಡೆಕ್ಸ್ ಒಳ್ಳೆಯ ದಾರಿಯಲ್ಲ. “ಇಡೀ ಜಿಲ್ಲೆಯಲ್ಲಿ ತೊಗರಿ ಹಾಕಿದವರ ಪಟ್ಟಿ ಕೊಡು” ಅಂದರೆ ಒಂದೊಂದಾಗಿ ಹುಡುಕುವುದಕ್ಕಿಂತ ಸಾಲಾಗಿ ಓದುವುದೇ ಬೇಗ ಮುಗಿಯಬಹುದು. ಯಾವ ಪ್ರಶ್ನೆಗೆ ಯಾವ ದಾರಿ ಎಂದು ತೀರ್ಮಾನಿಸುವ ಭಾಗಕ್ಕೆ ‘ಪ್ಲ್ಯಾನರ್’ ಎನ್ನುತ್ತಾರೆ. ಅದು ಅಂದಾಜಿನ ಮೇಲೆ ನಡೆಯುತ್ತದೆ. ಯಾವ ತಾಲ್ಲೂಕಿನದು ಸುಮಾರು ಎಷ್ಟು ಸಾಲು, ಯಾವ ಬೆಳೆಯದು ಎಷ್ಟು ಎಂಬ ಸಣ್ಣ ಅಂಕಿಅಂಶ ಅದರ ಬಳಿ ಇರುತ್ತದೆ. ಆ ಅಂಕಿಅಂಶ ಹಳೆಯದಾದರೆ ಪ್ಲ್ಯಾನರ್ ತಪ್ಪು ದಾರಿ ಹಿಡಿಯುತ್ತದೆ. ಉತ್ತರ ಸರಿಯಾಗಿಯೇ ಬರುತ್ತದೆ, ಆದರೆ ತಡವಾಗಿ.

ಇನ್ನೊಂದು ತೊಂದರೆ ಕಸದ್ದು. ಕೈಬರಹದ ರಿಜಿಸ್ಟರಿನಲ್ಲಿ ತಪ್ಪಾದ ಸಾಲಿಗೆ ಗೀಟು ಎಳೆದು ಕೆಳಗೆ ಹೊಸ ಸಾಲು ಬರೆಯುತ್ತಿದ್ದರಲ್ಲ, ಹಾಗೆಯೇ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಂಥ ಡೇಟಾಬೇಸುಗಳು ಒಂದು ಸಾಲನ್ನು ತಿದ್ದುವಾಗ ಹೊಸ ಸಾಲು ಬರೆದು ಹಳೆಯದನ್ನು ಅಲ್ಲೇ ಬಿಡುತ್ತವೆ. ಈ ಸತ್ತ ಸಾಲುಗಳನ್ನು ಆಗಾಗ ಗುಡಿಸದಿದ್ದರೆ ರಿಜಿಸ್ಟರ್ ದಪ್ಪವಾಗುತ್ತಾ, ಓದುವುದು ನಿಧಾನವಾಗುತ್ತಾ ಹೋಗುತ್ತದೆ.

‘ತಾನೇ ಸರಿಮಾಡಿಕೊಳ್ಳುತ್ತೆ’ ಎಂಬುದರಲ್ಲಿ ಎಷ್ಟು ನಿಜ?

ಸಾಕಷ್ಟು ನಿಜ. ಉಚಿತವಾಗಿ ಸಿಗುವ, ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ‘ಆಟೋವ್ಯಾಕ್ಯೂಮ್’ ಎಂಬ ಗುಡಿಸುವ ಆಳು ಇದೆ. ಯಾರೂ ಏನೂ ಬದಲಿಸದಿದ್ದರೆ ಅದು ನಿಮಿಷಕ್ಕೊಮ್ಮೆ ಎದ್ದು ಎಲ್ಲಿ ಕಸ ಹೆಚ್ಚಿದೆ, ಎಲ್ಲಿ ಅಂಕಿಅಂಶ ಹಳೆಯದಾಗಿದೆ ಎಂದು ನೋಡುತ್ತದೆ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ 2017ರಲ್ಲಿ ಬಂದ ಒಂದು ಸೌಲಭ್ಯವನ್ನು ಆನ್ ಮಾಡಿಟ್ಟರೆ, ಹೊಸ ದಾರಿ ಹಳೆಯದಕ್ಕಿಂತ ನಿಧಾನ ಎಂದು ಕಂಡಾಗ ಅದು ತಾನಾಗಿಯೇ ಹಳೆಯ ದಾರಿಗೆ ಮರಳುತ್ತದೆ. ಒರಾಕಲ್‌ನ 19ಸಿ ಆವೃತ್ತಿಯಲ್ಲಿ ಹೊಸ ಇಂಡೆಕ್ಸನ್ನು ತಾನೇ ಕಟ್ಟಿ, ಮೊದಲು ಯಾರಿಗೂ ಕಾಣದಂತೆ ಪರೀಕ್ಷಿಸಿ, ಲಾಭವಾದರೆ ಮಾತ್ರ ಬಳಕೆಗೆ ಬಿಡುವ ಏರ್ಪಾಡಿದೆ.

ಆದರೆ ಮೂರರಲ್ಲೂ ಒಂದು ಮಾತು ಗಮನಿಸಿ. ‘ಎಷ್ಟು ಕಸವಾದರೆ ಗುಡಿಸಬೇಕು?’, ‘ಈ ಸೌಲಭ್ಯ ಆನ್ ಇರಬೇಕೇ?’, ‘ಯಾವ ವಿಭಾಗದಲ್ಲಿ ಇಂಡೆಕ್ಸ್ ಕಟ್ಟಬಾರದು?’ ಎಂಬುದನ್ನು ಯಾರೋ ಒಬ್ಬರು ಹೇಳಿಟ್ಟಿರಬೇಕು. ಹೇಳದಿದ್ದರೆ ಕಂಪನಿಯವರು ಇಟ್ಟುಕೊಟ್ಟ ಅಳತೆಯೇ ನಡೆಯುತ್ತದೆ. ಆ ಅಳತೆ ಇಟ್ಟವರಿಗೆ ಶಹಾಪುರದ ಕೌಂಟರಿನಲ್ಲಿ ಯಾವ ತಿಂಗಳು ಸಾಲು ಉದ್ದವಾಗುತ್ತದೆ ಎಂಬುದು ಗೊತ್ತಿರುವುದಿಲ್ಲ.

ಕಾಲುವೆ ನೋಡಿದವರಿಗೆ ಇದು ಗೊತ್ತಿರುವ ವಿಷಯವೇ

ಈ ಭಾಗದವರಿಗೆ ನಾರಾಯಣಪುರದ ಬಸವಸಾಗರ ಜಲಾಶಯವೂ ಎಡದಂಡೆ ಕಾಲುವೆಯೂ ಹೊಸದಲ್ಲ. ಈ ಕಾಲುವೆಯ ವಿಸ್ತರಣೆ ಮತ್ತು ಆಧುನೀಕರಣದ ಕಾಮಗಾರಿಯನ್ನು ಪ್ರಧಾನಿಯವರು 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಉದ್ಘಾಟಿಸಿದರು. ಕಾಲುವೆಯಲ್ಲಿ ಸ್ಕಾಡಾ ಎಂಬ ವ್ಯವಸ್ಥೆಯ ಸ್ವಯಂಚಾಲಿತ ಗೇಟುಗಳಿವೆ. ನೀರಿನ ಮಟ್ಟ ಅಳೆದು, ಹೇಳಿದಷ್ಟು ಬಿಡಲು ಗೇಟು ತಾನೇ ಏರುತ್ತದೆ, ಇಳಿಯುತ್ತದೆ.

ಆದರೆ ಎಷ್ಟು ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಗೇಟು ತೀರ್ಮಾನಿಸುವುದಿಲ್ಲ. ಅದನ್ನು ನೀರಾವರಿ ಸಲಹಾ ಸಮಿತಿಯ ಸಭೆ ತೀರ್ಮಾನಿಸುತ್ತದೆ. ವಾರಬಂದಿ ಅಂದರೆ ಸರದಿ. ಮುಖ್ಯ ಕಾಲುವೆಗೆ ಹೇಳಿದ ಸರದಿ ಶಾಖಾ ಕಾಲುವೆಗೆ ಇಳಿಯುತ್ತದೆ, ಅಲ್ಲಿಂದ ವಿತರಣಾ ಕಾಲುವೆಗೆ, ಅಲ್ಲಿಂದ ಹೊಲಗಾಲುವೆಗೆ. ಬೇರೆ ಏನೂ ಹೇಳದಿದ್ದರೆ ಕೆಳಗಿನದಕ್ಕೆ ಮೇಲಿನದರ ನಿಯಮವೇ ಅನ್ವಯ. ಆದರೆ ಕೊನೆಯಂಚಿನ ಹೊಲಕ್ಕೆ ನೀರು ತಲುಪುವುದೇ ತಡ. ಮೇಲಿನವರ ಹೊಲ ತುಂಬುವಷ್ಟರಲ್ಲಿ ಸರದಿ ಮುಗಿದಿರುತ್ತದೆ. ಅಲ್ಲಿಗೆ ಬೇರೆ ಲೆಕ್ಕ ಬೇಕು ಎಂದು ಕೊನೆಯಂಚಿನ ರೈತರು ಕೇಳುವುದು ಇದಕ್ಕೇ.

ಡೇಟಾಬೇಸಿನ ನಿಯಮಗಳೂ ಹೀಗೇ ಹರಿಯುತ್ತವೆ. ಇಡೀ ಸರ್ವರಿಗೆ ಒಂದು ನಿಯಮ. ಅದರೊಳಗಿನ ಪ್ರತಿ ಡೇಟಾಬೇಸಿಗೆ ಬೇಕಾದರೆ ಬೇರೊಂದು. ಅದನ್ನು ಬಳಸುವ ಪ್ರತಿ ಖಾತೆಗೆ ಬೇಕಾದರೆ ಇನ್ನೊಂದು. ಗುಡಿಸುವ ಕೆಲಸಕ್ಕೆ ಪ್ರತಿ ಕೋಷ್ಟಕಕ್ಕೂ, ಅಂದರೆ ಪ್ರತಿ ರಿಜಿಸ್ಟರಿಗೂ, ಬೇರೆ ನಿಯಮ ಬರೆಯಬಹುದು. ಕೆಳಗೆ ಏನೂ ಬರೆಯದಿದ್ದರೆ ಮೇಲಿನದೇ ವಾರಸಾಗಿ ಬರುತ್ತದೆ. ಕೆಳಗೆ ಬರೆದಿದ್ದರೆ ಅಲ್ಲಿ ಕೆಳಗಿನದೇ ಗೆಲ್ಲುತ್ತದೆ.

ಹುಣಸಗಿಯ ಲೆಕ್ಕ: ಒಂದು ಉದಾಹರಣೆ

2018ರಲ್ಲಿ ಹೊಸ ತಾಲ್ಲೂಕುಗಳು ಬಂದಾಗ ನಮ್ಮ ಜಿಲ್ಲೆಯಲ್ಲಿ ಸುರಪುರದಿಂದ ಹುಣಸಗಿ, ಶಹಾಪುರದಿಂದ ವಡಗೇರಾ, ಯಾದಗಿರಿಯಿಂದ ಗುರುಮಠಕಲ್ ಬೇರೆಯಾದವು. ಜಮೀನು ಇದ್ದಲ್ಲೇ ಇತ್ತು, ತಾಲ್ಲೂಕಿನ ಹೆಸರು ಬದಲಾಯಿತು. ಇಂಥ ಬದಲಾವಣೆ ಒಂದು ಡೇಟಾಬೇಸಿನಲ್ಲಿ ಏನು ಮಾಡಬಲ್ಲದು ಎಂದು ಲೆಕ್ಕ ಹಾಕೋಣ. ಸಾಲುಗಳ ಸಂಖ್ಯೆ ಇಲ್ಲಿ ಉದಾಹರಣೆಗಾಗಿ ಇಟ್ಟುಕೊಂಡದ್ದು, ನಿಯಮದ ಅಂಕಿ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಇರುವಂಥದ್ದೇ.

ಒಂದು ಕೋಷ್ಟಕದಲ್ಲಿ 2 ಕೋಟಿ ಸಾಲುಗಳಿವೆ ಎನ್ನಿ. ಅದರಲ್ಲಿ 1 ಲಕ್ಷ ಸಾಲುಗಳಲ್ಲಿ ‘ಸುರಪುರ’ ಹೋಗಿ ‘ಹುಣಸಗಿ’ ಆಯಿತು. ಕಾರ್ಖಾನೆಯಿಂದ ಬಂದ ನಿಯಮ ಹೀಗಿದೆ: ಕೋಷ್ಟಕದ ಶೇ 10ರಷ್ಟು ಸಾಲು ಮತ್ತು ಮೇಲೆ 50 ಬದಲಾದರೆ ಅಂಕಿಅಂಶವನ್ನು ಹೊಸದು ಮಾಡು. ಶೇ 20ರಷ್ಟು ಮತ್ತು ಮೇಲೆ 50 ಸತ್ತರೆ ಗುಡಿಸು. 2 ಕೋಟಿಗೆ ಶೇ 10 ಅಂದರೆ 20,00,050. ಶೇ 20 ಅಂದರೆ 40,00,050. ಬದಲಾದದ್ದು 1 ಲಕ್ಷ ಮಾತ್ರ. ಆಟೋವ್ಯಾಕ್ಯೂಮ್ ನಿಮಿಷಕ್ಕೊಮ್ಮೆ ಎದ್ದು ನೋಡುತ್ತದೆ, “ಇನ್ನೂ ಆಗಿಲ್ಲ” ಎಂದು ಮಲಗುತ್ತದೆ.

ಪ್ಲ್ಯಾನರಿನ ಹಳೆಯ ಪಟ್ಟಿಯಲ್ಲಿ ‘ಹುಣಸಗಿ’ ಎಂಬ ಹೆಸರೇ ಇಲ್ಲ. ಅಲ್ಲಿ ಕೆಲವೇ ಸಾಲು ಇರಬಹುದು ಎಂದುಕೊಂಡು ಅದು ಕೆಲವೇ ಸಾಲಿಗೆ ಸರಿಹೋಗುವ ದಾರಿ ಹಿಡಿಯುತ್ತದೆ. ಎದುರಾಗುವುದು 1 ಲಕ್ಷ. ಹುಣಸಗಿಯ ಪಟ್ಟಿ ಕೇಳಿದ ಕೌಂಟರಿನಲ್ಲಿ ಚಕ್ರ ಸುತ್ತುತ್ತದೆ. ಅದೇ ಹೊತ್ತಿಗೆ ಬೇರೆ ತಾಲ್ಲೂಕಿನ ಕೌಂಟರಿನಲ್ಲಿ ಎಲ್ಲ ಸಲೀಸು. “ನಮಗೆ ಮಾತ್ರ ಯಾಕೆ? ಬೇಕಂತಲೇ ಮಾಡಿದ್ದಾರೆ” ಎಂಬ ಮೆಸೇಜು ಇಲ್ಲಿಂದ ಹುಟ್ಟುತ್ತದೆ. ಯಾರೂ ಏನೂ ಬೇಕೆಂದು ಮಾಡಿಲ್ಲ, ಮಾಡಬೇಕಾದದ್ದನ್ನೂ ಯಾರೂ ಮಾಡಿಲ್ಲ.

ಇದಕ್ಕೆ ಪರಿಹಾರ ಸಣ್ಣದು. ಆ ಒಂದು ಕೋಷ್ಟಕಕ್ಕೆ ಮಾತ್ರ ಬೇರೆ ನಿಯಮ: ಶೇಕಡಾ ಲೆಕ್ಕ ಬಿಡು, 50,000 ಸಾಲು ಬದಲಾದರೆ ಸಾಕು, ಅಂಕಿಅಂಶ ಹೊಸದು ಮಾಡು. ಒಂದೆರಡು ಸಾಲಿನ ಆದೇಶ. ಉಳಿದ ನೂರಾರು ಸಣ್ಣ ಕೋಷ್ಟಕಗಳು ಮೇಲಿನ ನಿಯಮವನ್ನೇ ಪಾಲಿಸಿಕೊಂಡಿರುತ್ತವೆ, ಅವುಗಳಿಗೆ ಅದು ಸರಿಯಾಗಿಯೇ ಇದೆ. ಯಂತ್ರ ಈಗಲೂ ತಾನೇ ಕೆಲಸ ಮಾಡುತ್ತದೆ, ಯಾವಾಗ ಮಾಡಬೇಕು ಎಂಬ ಅಳತೆ ಮಾತ್ರ ಆ ಕೋಷ್ಟಕದ ಗಾತ್ರಕ್ಕೆ ತಕ್ಕದ್ದಾಯಿತು.

ಕೌಂಟರಿನವರಿಗೊಂದು ನಿಯಮ, ವರದಿ ತೆಗೆಯುವವರಿಗೊಂದು

ಬೆಳಿಗ್ಗೆ 11 ಗಂಟೆ. ಕೌಂಟರಿನಲ್ಲಿ ಮೂವತ್ತು ಜನ. ಅದೇ ಹೊತ್ತಿಗೆ ಎಲ್ಲೋ ಒಂದು ಕಚೇರಿಯಲ್ಲಿ ಇಡೀ ಜಿಲ್ಲೆಯ ವರದಿ ಬೇಕೆಂದು ಒಬ್ಬರು ಗುಂಡಿ ಒತ್ತುತ್ತಾರೆ. ಆ ಒಂದು ವರದಿ ಲಕ್ಷಾಂತರ ಸಾಲು ಓದುವಷ್ಟು ಹೊತ್ತು, ಒಂದೇ ಸಾಲು ಕೇಳಿದ ಮೂವತ್ತು ಜನರ ಕೆಲಸ ನಿಧಾನವಾಗುತ್ತದೆ. ಕಿರಾಣಿ ಅಂಗಡಿಯಲ್ಲಿ ಒಂದು ಬೆಂಕಿಪೆಟ್ಟಿಗೆ ಕೇಳಲು ಬಂದವರು, ಮದುವೆ ಸಾಮಾನಿನ ಪಟ್ಟಿ ಹಿಡಿದವರ ಹಿಂದೆ ನಿಂತ ಹಾಗೆ.

ಇಲ್ಲೂ ಖಾತೆಯ ಮಟ್ಟದ ನಿಯಮ ಕೆಲಸಕ್ಕೆ ಬರುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಒಂದು ಪ್ರಶ್ನೆ ಎಷ್ಟು ಹೊತ್ತು ಓಡಬಹುದು ಎಂಬುದಕ್ಕೆ ಮೊದಲಿನಿಂದ ಮಿತಿಯೇ ಇಲ್ಲ, ಬೇಕಾದವರು ಹಾಕಿಕೊಳ್ಳಬೇಕು. ಕೌಂಟರ್ ಖಾತೆಗೆ 30 ಸೆಕೆಂಡಿನ ಮಿತಿ ಹಾಕಿದರೆ ಸಿಕ್ಕಿಹಾಕಿಕೊಂಡ ಪ್ರಶ್ನೆ ತಾನೇ ಬಿಟ್ಟುಹೋಗಿ ಹಿಂದಿನವರಿಗೆ ದಾರಿ ಆಗುತ್ತದೆ. ವರದಿ ಖಾತೆಗೆ ಸಮಯ ಹೆಚ್ಚು ಕೊಡಬಹುದು, ಆದರೆ ಏಕಕಾಲಕ್ಕೆ ಇಬ್ಬರಿಗಿಂತ ಹೆಚ್ಚು ಒಳಗೆ ಬರಬಾರದು ಎನ್ನಬಹುದು. ವಿಂಗಡಣೆಯ ಕೆಲಸಕ್ಕೆ ಮೊದಲು ಸಿಗುವ ಜಾಗ 4 ಎಂಬಿ, ವರದಿ ಖಾತೆಗೆ ಮಾತ್ರ 64 ಎಂಬಿ ಕೊಟ್ಟರೆ ಅವರ ಕೆಲಸವೂ ಬೇಗ ಮುಗಿಯಬಹುದು. ಅದೇ 64 ಎಂಬಿಯನ್ನು ಎಲ್ಲರಿಗೂ ಕೊಟ್ಟರೆ? ನೂರಾರು ಜನ ಒಟ್ಟಿಗೆ ಬಂದ ದಿನ ಸರ್ವರಿನ ಮೆಮೊರಿಯೇ ಮುಗಿದು ಎಲ್ಲ ನಿಲ್ಲಬಹುದು. ಯಾರಿಗೆ ಬೇಕೋ ಅವರಿಗಷ್ಟೇ ಕೊಡಬೇಕು ಎನ್ನುವುದು ಇದಕ್ಕೆ.

ವಾರಸಿನಲ್ಲೂ ಮೂರು ತೊಡಕು

ಊರಿನ ನಿಯಮ ಬರೆದ ಕೂಡಲೇ ಎಲ್ಲ ಮುಗಿಯಿತು ಎಂದಲ್ಲ. ಜಮೀನಿನ ವಾರಸಿನಲ್ಲಿ ತಕರಾರು ಬರುವ ಹಾಗೆ ಇಲ್ಲೂ ಬರುತ್ತದೆ.

ಒಂದು, ಎಲ್ಲವೂ ವಾರಸಾಗಿ ಬರುವುದಿಲ್ಲ. ದೊಡ್ಡ ಕೋಷ್ಟಕವನ್ನು ವರ್ಷಕ್ಕೊಂದು ಹಿಸ್ಸೆ ಮಾಡಿ ಇಡುವ ರೂಢಿ ಇದೆ. 2025ರದ್ದು ಒಂದು, 2026ರದ್ದು ಒಂದು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಹೊಸ ಹಿಸ್ಸೆ ಮಾಡಿದಾಗ ತಾಯಿ ಕೋಷ್ಟಕದ ಇಂಡೆಕ್ಸ್ ಅದಕ್ಕೆ ತಾನಾಗಿಯೇ ಬರುತ್ತದೆ. ಆದರೆ ಗುಡಿಸುವ ವಿಶೇಷ ನಿಯಮ ಬರುವುದಿಲ್ಲ. ಅದನ್ನು ತಾಯಿಯ ಮೇಲೆ ಬರೆಯಲು ಅವಕಾಶವೇ ಇಲ್ಲ, ಪ್ರತಿ ಹಿಸ್ಸೆಗೂ ಹೊಸದಾಗಿ ಬರೆಯಬೇಕು. ಮರೆತರೆ ಹೊಸ ವರ್ಷದ ದಾಖಲೆ ಮತ್ತೆ ಕಾರ್ಖಾನೆಯ ನಿಯಮಕ್ಕೆ ಬೀಳುತ್ತದೆ. “ಹೋದ ವರ್ಷ ಚೆನ್ನಾಗಿತ್ತು, ಈ ವರ್ಷ ನಿಧಾನ” ಎಂಬ ದೂರಿನ ಹಿಂದೆ ಇಂಥ ಮರೆವೂ ಇರಬಹುದು.

ಎರಡು, ಕೆಳಗಿನ ನಿಯಮ ಮೇಲಿನದನ್ನು ಮರೆಮಾಡುತ್ತದೆ. ಮುಂದೆ ಮೇಲಿನವರು ಇನ್ನೂ ಒಳ್ಳೆಯ ನಿಯಮ ತಂದರೂ, ಬೇರೆ ನಿಯಮ ಬರೆದುಕೊಂಡ ಕೋಷ್ಟಕಕ್ಕೆ ಅದು ತಲುಪುವುದಿಲ್ಲ. ಸ್ವಂತ ಗೇಟು ಹಾಕಿಕೊಂಡ ಕಾಲುವೆಯಂತೆ ಅದು ತನ್ನ ಪಾಡಿಗೆ ಇರುತ್ತದೆ. ಕಾರಣ ಮುಗಿದ ಮೇಲೆ ಆ ವಿಶೇಷ ನಿಯಮವನ್ನು ತೆಗೆದು ಮತ್ತೆ ವಾರಸಿಗೆ ಮರಳಿಸಬೇಕು. ಖಾತೆಯ ನಿಯಮ ಬದಲಿಸಿದಾಗ ಇನ್ನೊಂದು ಸೂಕ್ಷ್ಮ ಇದೆ: ಅದು ಹೊಸದಾಗಿ ಲಾಗಿನ್ ಆದವರಿಗೆ ಮಾತ್ರ ಹತ್ತುತ್ತದೆ, ಬೆಳಿಗ್ಗೆಯಿಂದ ಒಳಗೇ ಇದ್ದವರಿಗೆ ಹಳೆಯದೇ.

ಮೂರು, ನಿಯಮ ಬರೆದವರು ವರ್ಗವಾಗಿ ಹೋಗುತ್ತಾರೆ, ನಿಯಮ ಉಳಿಯುತ್ತದೆ. ಯಾಕೆ ಬರೆದರು ಎಂಬ ಟಿಪ್ಪಣಿ ಇಲ್ಲದಿದ್ದರೆ ಮುಂದೆ ಬಂದವರು ಮುಟ್ಟಲು ಹೆದರುತ್ತಾರೆ. ನಿಯಮದ ಜೊತೆಗೆ ಕಾರಣ, ದಿನಾಂಕ, ಯಾವಾಗ ತೆಗೆಯಬಹುದು ಎಂಬ ಒಂದು ಸಾಲು ಬರೆದಿಡುವುದು ನಿಯಮದಷ್ಟೇ ಮುಖ್ಯ.

ಎಲ್ಲ ನಿಧಾನಕ್ಕೂ ಇದೇ ಮದ್ದಲ್ಲ

ಕೆಲವೊಮ್ಮೆ ಹೊರಗಿನಿಂದಲೇ ದಾಳಿ ಆಗುತ್ತದೆ. 2025ರ ಜನವರಿಯಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ಪೋರ್ಟಲ್ ತೀರಾ ನಿಧಾನವಾಗಿ ರಾಜ್ಯದಾದ್ಯಂತ ನೋಂದಣಿ ಕೆಲಸಕ್ಕೆ ಏಟು ಬಿತ್ತು. ಇದು ಸೈಬರ್ ದಾಳಿ ಎಂದು ಸರ್ಕಾರ ಹೇಳಿತು. ನಕಲಿ ಖಾತೆಗಳಿಂದ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ. ಹುಡುಕಾಟದ ಕೋರಿಕೆಗಳನ್ನು ಸುರಿಯಲಾಗಿತ್ತು. ಎರಡು ಗಂಟೆಯಲ್ಲಿ 6.2 ಲಕ್ಷ ಕೋರಿಕೆಗಳು ಬಂದಿದ್ದವು ಎಂಬ ಲೆಕ್ಕ ಆಗ ಹೊರಬಂತು.

ದಾಳಿಕೋರರು ಇ.ಸಿ. ಹುಡುಕಾಟವನ್ನೇ ಆರಿಸಿಕೊಂಡದ್ದು ಗಮನಿಸಬೇಕಾದ ಸಂಗತಿ. ಒಂದು ಆಸ್ತಿಯ ಹಲವು ವರ್ಷಗಳ ವ್ಯವಹಾರ ಹುಡುಕುವುದು ಡೇಟಾಬೇಸಿಗೆ ಭಾರದ ಕೆಲಸ. ಹಗುರ ಕೋರಿಕೆ ಲಕ್ಷ ಬಂದರೂ ತಡೆದುಕೊಳ್ಳುವ ವ್ಯವಸ್ಥೆ, ಭಾರದ ಕೋರಿಕೆ ಅಷ್ಟೇ ಬಂದರೆ ಕುಸಿಯುತ್ತದೆ. ಇದಕ್ಕೆ ಗುಡಿಸುವ ನಿಯಮ ಬದಲಿಸಿ ಪ್ರಯೋಜನವಿಲ್ಲ. ನಕಲಿ ಕೋರಿಕೆಯನ್ನು ಬಾಗಿಲಲ್ಲೇ ತಡೆಯಬೇಕು, ಒಂದು ಖಾತೆಯಿಂದ ಎಷ್ಟು ಹುಡುಕಾಟ ಎಂಬ ಮಿತಿ ಬೇಕು. ಹಾಗೆಯೇ ಕರೆಂಟು ಹೋದರೆ, ನೆಟ್ ಕೇಬಲ್ ತುಂಡಾದರೆ ಯಾವ ಡೇಟಾಬೇಸ್ ನಿಯಮವೂ ಕೆಲಸಕ್ಕೆ ಬಾರದು.

ಹಾಗಾದರೆ ಆ ಮೆಸೇಜುಗಳು?

*“ಸರ್ವರ್ ಡೌನ್ ಬರೀ ನೆಪ.”* ಪೂರ್ತಿ ನಿಜವಲ್ಲ. ಕಾರಣಗಳು ಹಲವು, ಬಹಳಷ್ಟು ತಾಂತ್ರಿಕ. ಆದರೆ ತಾಂತ್ರಿಕ ಕಾರಣ ಅಂದಮಾತ್ರಕ್ಕೆ ಹಣೆಬರಹ ಅಂತಲೂ ಅಲ್ಲ. ಪ್ರತಿ ವರ್ಷ ಅದೇ ತಿಂಗಳು, ಅದೇ ಕೆಲಸಕ್ಕೆ ನಿಧಾನವಾಗುತ್ತಿದ್ದರೆ ಅದು ಮೊದಲೇ ಗೊತ್ತಿರುವ ಭಾರ, ಅದಕ್ಕೆ ಮೊದಲೇ ನಿಯಮ ಬರೆಯಬಹುದು. ಕೇಳಬೇಕಾದ ಪ್ರಶ್ನೆ ಅದು.

*“ಎಐ ತಾನೇ ಸರಿಮಾಡುತ್ತೆ.”* ಅರ್ಧ ನಿಜ. ಹೇಳಿದ ಅಳತೆಯೊಳಗೆ ತಾನೇ ಮಾಡುತ್ತದೆ. ಅಳತೆ ಹೇಳುವವರು ಬೇಕು.

*“ಮಧ್ಯರಾತ್ರಿ ಪ್ರಯತ್ನಿಸಿದರೆ ಫಾಸ್ಟ್.”* ಮೂರರ ಜೊತೆ ಆಗಾಗ ಬರುವ ಸಲಹೆ ಇದು. ಜನ ಕಡಿಮೆ ಇರುವ ಹೊತ್ತಿನಲ್ಲಿ ಕೆಲವು ಸಲ ಬೇಗ ಆಗುತ್ತದೆ, ನಿಜ. ಆದರೆ ರಿಪೇರಿ ಕೆಲಸಕ್ಕೆ ಪೋರ್ಟಲ್ ಬಂದ್ ಮಾಡುವುದೂ ರಾತ್ರಿಯೇ. ಇದನ್ನೇ ನಂಬಿ ಕೊನೆಯ ದಿನದ ರಾತ್ರಿವರೆಗೆ ಕಾಯಬೇಡಿ.

*“ಕ್ಯಾಷ್ ತೆಗೆದರೆ, ಈ ಆಪ್ ಹಾಕಿದರೆ ಸರ್ವರ್ ಫಾಸ್ಟ್.”* ಸುಳ್ಳು. ನಿಮ್ಮ ಫೋನಿನ ಕ್ಯಾಷಿಗೂ ದೂರದ ಡೇಟಾಬೇಸಿನ ವೇಗಕ್ಕೂ ಸಂಬಂಧವಿಲ್ಲ. ವಾಟ್ಸ್ಆಪ್‌ನಲ್ಲಿ ಬಂದ ಎಪಿಕೆ ಫೈಲ್ ಹಾಕಿಕೊಂಡರೆ ಸರ್ವರ್ ಫಾಸ್ಟ್ ಆಗುವುದಿಲ್ಲ, ನಿಮ್ಮ ಒಟಿಪಿ ಓದಿ ಬ್ಯಾಂಕ್ ಖಾತೆ ಖಾಲಿಯಾಗಬಹುದು. ಅಂಥ ಮೆಸೇಜನ್ನು ಅಳಿಸಿ, ಮುಂದಕ್ಕೆ ಕಳಿಸಬೇಡಿ. ದುಡ್ಡು ಕೊಟ್ಟರೆ ‘ಒಳಗಿನಿಂದ ಸರ್ವರ್ ಓಪನ್ ಮಾಡಿಸುತ್ತೇನೆ’ ಎನ್ನುವವರನ್ನೂ ನಂಬಬೇಡಿ.

ನೀವು ಮಾಡಬಹುದಾದದ್ದು

ಚಕ್ರ ಸುತ್ತುತ್ತಿದ್ದರೆ ಮತ್ತೆ ಮತ್ತೆ ರಿಫ್ರೆಶ್ ಒತ್ತಬೇಡಿ. ಪ್ರತಿ ಸಲ ಒತ್ತಿದಾಗಲೂ ಹೊಸ ಕೋರಿಕೆ ಹೋಗುತ್ತದೆ, ಹಳೆಯದು ಅಲ್ಲಿ ಇನ್ನೂ ಓಡುತ್ತಲೇ ಇರಬಹುದು. ಒಬ್ಬರೇ ಹತ್ತು ಜನರಾಗಿ ಸಾಲಿನಲ್ಲಿ ನಿಂತ ಹಾಗೆ ಅದು. ಒಂದೆರಡು ನಿಮಿಷ ಬಿಟ್ಟು ಒಮ್ಮೆ ಪ್ರಯತ್ನಿಸಿ. ಹಣ ಕಟ್ಟುವ ಹಂತದಲ್ಲಂತೂ ಎರಡನೇ ಸಲ ಒತ್ತುವ ಮೊದಲು ಖಾತೆಯಿಂದ ಹಣ ಹೋಗಿದೆಯೇ ನೋಡಿ.

ಕೊನೆಯ ದಿನಾಂಕವನ್ನು ಫಾರ್ವರ್ಡ್ ನೋಡಿ ನಂಬಬೇಡಿ. ಬೆಳೆ ವಿಮೆಯ ದಿನಾಂಕ ಬೆಳೆ ಮತ್ತು ಹಂಗಾಮಿಗೆ ತಕ್ಕಂತೆ ಬೇರೆಯಾಗಬಹುದು. ತೊಗರಿಯದ್ದು, ಹತ್ತಿಯದ್ದು, ಭತ್ತದ್ದು ಯಾವುದು ಎಂದು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೇ ಕೇಳಿ, ವಾರ ಮೊದಲೇ ಮುಗಿಸಿ.

ಕೆಲಸ ಆಗದೆ ವಾಪಸು ಬರಬೇಕಾದರೆ ಬರಿಗೈಯಲ್ಲಿ ಬರಬೇಡಿ. ದಿನ, ಸಮಯ, ಪರದೆಯಲ್ಲಿ ಬಂದ ಸೂಚನೆಯ ಫೋಟೊ ಇಟ್ಟುಕೊಳ್ಳಿ. ಕಚೇರಿಯಲ್ಲಿ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. “ಸರ್ವರ್ ಸರಿ ಇಲ್ಲ” ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. “ಇಂಥ ದಿನ ಬೆಳಿಗ್ಗೆ 11ರಿಂದ 1ರವರೆಗೆ ಸರ್ವೆ ನಂಬರ್ ಹಾಕಿದ ಮೇಲೆ ಪರದೆ ನಿಂತಿತು, ಹೆಸರಿನಿಂದ ಹುಡುಕಿದರೆ ಬರುತ್ತಿತ್ತು” ಎಂದು ಬರೆದರೆ ಡೇಟಾಬೇಸ್ ನೋಡಿಕೊಳ್ಳುವವರಿಗೆ ಎಲ್ಲಿ ಹುಡುಕಬೇಕು ಎಂದು ಗೊತ್ತಾಗುತ್ತದೆ.

ಗ್ರಾಮ ಒನ್ ಕೇಂದ್ರದಲ್ಲಿ, ನಾಡಕಚೇರಿಯಲ್ಲಿ ದಿನವಿಡೀ ಪರದೆ ಮುಂದೆ ಕೂರುವವರಿಗೂ ಒಂದು ಮಾತು. ಯಾವ ವಾರ, ಯಾವ ಗಂಟೆ, ಯಾವ ಕೆಲಸಕ್ಕೆ ನಿಧಾನವಾಗುತ್ತದೆ ಎಂಬುದನ್ನು ಮೊದಲು ಕಾಣುವವರು ನೀವೇ. ಒಂದು ತಿಂಗಳು ನೋಟ್‌ಬುಕ್ಕಿನಲ್ಲಿ ಬರೆದು ಮೇಲಕ್ಕೆ ಕಳಿಸಿ. ಕೊನೆಯಂಚಿನ ಹೊಲಕ್ಕೆ ನೀರು ಬರುತ್ತಿಲ್ಲ ಎಂದು ಅಲ್ಲಿನವರು ಹೇಳದಿದ್ದರೆ, ಅವರಿಗಾಗಿ ಬೇರೆ ಸರದಿಯನ್ನು ಯಾರೂ ಬರೆಯುವುದಿಲ್ಲ. ಡೇಟಾಬೇಸಿನ ನಿಯಮಕ್ಕೂ ಇದೇ ಮಾತು ಸಲ್ಲುತ್ತದೆ.